ಹೈಸ್ಕೂಲಿಗೆ ಯಾವ ನಾಟಕ? ಪಾಠನಾಟಕ, ಬೀದಿನಾಟಕ, ಬಯಲಾಟ, ರಂಗನಾಟಕ: ಕಲಬುರಗಿ ಸೀಮೆಯ ಶಿಕ್ಷಕರಿಗೆ ಒಂದು ಹೋಲಿಕೆ

ಮಕ್ಕಳ ರಂಗನಾಟಕದಲ್ಲಿ ವೇದಿಕೆಯ ಮೇಲಿನ ಒಂದು ನಿಮಿಷಕ್ಕೆ ಒಂದು ತಾಸು ತಾಲೀಮು ಬೇಕು ಎಂದು ಲೆಕ್ಕ ಹಿಡಿಯಿರಿ. 25 ನಿಮಿಷದ ನಾಟಕಕ್ಕೆ 25 ತಾಸು, ಅಂದರೆ 1,500 ನಿಮಿಷ. ವಾರಕ್ಕೆ 40 ನಿಮಿಷದ ಒಂದೇ ಪಿರಿಯಡ್ ಸಿಗುವ ಶಾಲೆಯಲ್ಲಿ ಇದಕ್ಕೆ 37 ವಾರ ದಾಟುತ್ತದೆ, ಶಾಲೆಯ ವರ್ಷವೇ ಮುಗಿದುಹೋಗುತ್ತದೆ. ಈ ಲೆಕ್ಕ ಹಾಕದೆ ಸ್ಕ್ರಿಪ್ಟ್ ಹುಡುಕಲು ಹೊರಟವರ ಪಾಡು ಎಲ್ಲ ಕಡೆ ಒಂದೇ: ಗ್ಯಾದರಿಂಗಿಗೆ (ಶಾಲೆಯ ವಾರ್ಷಿಕೋತ್ಸವಕ್ಕೆ) ಹತ್ತು ದಿನ ಇರುವಾಗ ಗಣಿತದ ಸರ್ ಹತ್ತಿರ, ಇಂಗ್ಲಿಷ್ ಮೇಡಂ ಹತ್ತಿರ ಪಿರಿಯಡ್ ಬೇಡುವುದು, ಚುರುಕಾದ ಹನ್ನೆರಡು ಮಕ್ಕಳಿಗೆ ಮಾತು ಬಾಯಿಪಾಠ ಮಾಡಿಸುವುದು, ಉಳಿದ ನಲವತ್ತೆಂಟು ಮಕ್ಕಳನ್ನು ಚಪ್ಪಾಳೆ ಹೊಡೆಯಲು ಕೂರಿಸುವುದು.

ಆದ್ದರಿಂದ ಮೊದಲು ಕೈಗೆ ಕ್ಯಾಲೆಂಡರ್ ತಗೊಳ್ಳಿ. ನಮ್ಮ ಕಡೆ ಶಾಲೆ ಜೂನ್‌ನಲ್ಲಿ ತೆರೆದರೂ ಹಾಜರಿ ನೆಟ್ಟಗಾಗುವುದು ಜುಲೈಗೆ. ಆಗಸ್ಟ್ 15, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನಡುವೆ ಪ್ರತಿಭಾ ಕಾರಂಜಿ ಸ್ಪರ್ಧೆ, ಆಮೇಲೆ ದಸರಾ ರಜೆ. ಡಿಸೆಂಬರ್ ಬಂತೆಂದರೆ ತೊಗರಿ ಕೊಯ್ಲು. ಹಳ್ಳಿಯ ಶಾಲೆಗಳಲ್ಲಿ ಎಂಟು, ಒಂಬತ್ತನೆಯ ತರಗತಿಯ ಬೆಂಚು ಖಾಲಿಯಾಗುತ್ತವೆ. ತಾಂಡಾಗಳಿಂದ, ಯಾದಗಿರಿ ಜಿಲ್ಲೆಯ ಹಳ್ಳಿಗಳಿಂದ ಗುಳೆ ಹೋಗುವ ಮನೆಯವರ ಜೊತೆ ಮುಖ್ಯ ಪಾತ್ರದ ಹುಡುಗನೂ ಪುಣೆಯ ಬಸ್ ಹತ್ತಿರುತ್ತಾನೆ. ಜನವರಿಯಿಂದ ಹತ್ತನೆಯ ತರಗತಿಯವರನ್ನು ಮುಟ್ಟುವಂತಿಲ್ಲ. ಕೊನೆಗೆ ಕೈಗೆ ಸಿಗುವುದು ಜುಲೈಯಿಂದ ನವೆಂಬರ್ ಅಷ್ಟೇ, ಅದೂ ಎಂಟು–ಒಂಬತ್ತನೆಯ ತರಗತಿಯವರ ಜೊತೆ. ಪ್ರತಿ ಮುಖ್ಯ ಪಾತ್ರಕ್ಕೂ ಇನ್ನೊಬ್ಬರನ್ನು ತಯಾರು ಮಾಡುವುದು ಇಲ್ಲಿ ಚೈನಿಯಲ್ಲ, ಅದಿಲ್ಲದೆ ನಾಟಕ ನಡೆಯುವುದಿಲ್ಲ.

ಎರಡನೆಯ ಪ್ರಶ್ನೆ, ಏನು ಕಲಿಸಬೇಕು ಎಂಬುದು. ದನಿ, ಮೈಯ ಹಿಡಿತ, ಎದುರಿನವರ ಮಾತು ಕೇಳಿಸಿಕೊಂಡು ಉತ್ತರ ಕೊಡುವುದು, ಗುಂಪಿನಲ್ಲಿ ಕೆಲಸ, ತಾಳ–ರಾಗ. ಐದನ್ನೂ ಒಂದೇ ವರ್ಷದಲ್ಲಿ ಕಲಿಸುವ ನಾಟಕ ಯಾವುದೂ ಇಲ್ಲ. ಕೆಳಗಿನ ನಾಲ್ಕು ದಾರಿಗಳಲ್ಲಿ ಒಂದೊಂದೂ ಎರಡು–ಮೂರನ್ನು ಚೆನ್ನಾಗಿ ಕಲಿಸುತ್ತದೆ, ಉಳಿದದ್ದನ್ನು ಬಿಡುತ್ತದೆ.

ಪಾಠನಾಟಕ: ಖರ್ಚಿಲ್ಲ, ವೇದಿಕೆಯಿಲ್ಲ, ಎಲ್ಲರಿಗೂ ಪಾಲು

ಪಠ್ಯದಲ್ಲಿರುವ ಅಥವಾ ಊರಿನ ಚರಿತ್ರೆಯಲ್ಲಿರುವ ಒಂದು ಸನ್ನಿವೇಶವನ್ನು ತರಗತಿಯಲ್ಲೇ ಆಡುವುದು. ಒಂದು ಸನ್ನಿವೇಶಕ್ಕೆ ಎರಡರಿಂದ ಮೂರು ಪಿರಿಯಡ್ ಸಾಕು. ಅರವತ್ತು ಮಕ್ಕಳಿದ್ದರೆ ಆರು ಜನರ ಹತ್ತು ಗುಂಪು. ಮೊದಲ 5 ನಿಮಿಷ ಸನ್ನಿವೇಶ ಓದುವುದು. ಮುಂದಿನ 10 ನಿಮಿಷದಲ್ಲಿ ಪ್ರತಿ ಗುಂಪು ಮಾತಿಲ್ಲದೆ ಒಂದು ಸ್ತಬ್ಧಚಿತ್ರ ಕಟ್ಟುತ್ತದೆ. ಆಮೇಲೆ 10 ನಿಮಿಷ ಆ ಚಿತ್ರದಲ್ಲಿರುವ ಪ್ರತಿಯೊಬ್ಬರೂ ಒಂದೇ ಒಂದು ಸಾಲು ಹುಡುಕಿಕೊಳ್ಳುತ್ತಾರೆ. 10 ನಿಮಿಷ ಮೂರು ಗುಂಪು ಆಡಿ ತೋರಿಸುತ್ತವೆ, ಉಳಿದ 5 ನಿಮಿಷ ನೋಡಿದವರು ಮಾತಾಡುತ್ತಾರೆ. ಹತ್ತೂ ಗುಂಪು ತೋರಿಸಲೇಬೇಕು ಎಂದು ಹಟ ಹಿಡಿದರೆ ಕೆಟ್ಟಿತು: ಐದನೆಯ ಗುಂಪಿಗೆ ಬರುವಷ್ಟರಲ್ಲಿ ಹಿಂದಿನ ಬೆಂಚು ಬೇರೆ ಲೋಕದಲ್ಲಿರುತ್ತದೆ. ಉಳಿದ ಏಳು ಗುಂಪಿನ ಸರದಿ ಮುಂದಿನ ವಾರ.

ಸನ್ನಿವೇಶ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಸುರಪುರದ ರಾಜಾ ವೆಂಕಟಪ್ಪ ನಾಯಕನನ್ನು ತಗೊಳ್ಳಿ. ಮಕ್ಕಳನ್ನು ಕೇಳಿದರೆ ಬ್ರಿಟಿಷರ ವಿರುದ್ಧದ 1858ರ ಯುದ್ಧ ಆಡುತ್ತೇವೆ ಎನ್ನುತ್ತಾರೆ. ರಟ್ಟಿನ ಕತ್ತಿ ಬರುತ್ತದೆ, ಎರಡು ನಿಮಿಷ ಕೂಗಾಟ, ಮೂವರು ನೆಲಕ್ಕೆ ಬೀಳುತ್ತಾರೆ, ಒಬ್ಬನ ಮೊಣಕಾಲು ತರಚುತ್ತದೆ. ಅಭಿನಯ ಕಲಿಯಲು ಅಲ್ಲಿ ಏನೂ ಇಲ್ಲ. ಅದೇ ಕಥೆಯಲ್ಲಿ ಇನ್ನೊಂದು ಗಳಿಗೆ ಇದೆ: ನಾಯಕ ಬಾಲಕನಾಗಿದ್ದಾಗ ಅವನನ್ನು ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಅವನು ಸೆರೆಯಾದ ಮೇಲೆ ಬಂದು ಭೇಟಿಯಾದದ್ದು. ಇಬ್ಬರು, ಒಂದು ಕೋಣೆ, ವೇಷ ಬೇಡ, ಒಂದು ಬೆಂಚು ಸಾಕು. ಟೇಲರ್ ಆದವನು ನಿಂತಿರಬೇಕೋ ಕೂಡಬೇಕೋ? ನಾಯಕ ಮೊದಲು ಮುಖ ನೋಡುತ್ತಾನೋ ನೆಲ ನೋಡುತ್ತಾನೋ? ಉಳಿದ ನಾಲ್ವರು ಕಾವಲುಗಾರರು. ಅವರಲ್ಲಿ ಒಬ್ಬ ಸುರಪುರದವನಾಗಿದ್ದರೆ? ಇಷ್ಟು ಕೇಳಿ ಸುಮ್ಮನಿರಿ. "ಸಣ್ಣಾಂವ ಇದ್ದಾಗ ನಿಮ್ಮ ಕೈ ಹಿಡದು ನಡದೀನ್ರಿ, ಈಗ ಈ ಕೈಗಿ ಬೇಡಿ ಅದ" ಎಂಬಂಥ ಸಾಲು ಮಕ್ಕಳ ಬಾಯಿಂದಲೇ ಬರುತ್ತದೆ. ಬರೆದುಕೊಟ್ಟರೆ ಅದು ಕಂಠಪಾಠವಾಗುತ್ತದೆ, ಎದುರಿನವನ ಮುಖ ನೋಡುವುದು ನಿಲ್ಲುತ್ತದೆ.

ಸೆಪ್ಟೆಂಬರ್ 17ರ ಸುತ್ತಮುತ್ತ ಹೈದರಾಬಾದ್ ಸಂಸ್ಥಾನದ ವಿಮೋಚನೆ ಆಡಿಸುವವರಿಗೆ ಒಂದು ಎಚ್ಚರಿಕೆ. ರಜಾಕಾರ (ನಿಜಾಮನ ಪರ ನಿಂತ ಪಡೆಯವನು) ಎಂದೊಡನೆ ಗಡ್ಡ, ಟೋಪಿ ಹಾಕಿಸಿದರೆ ಅದೇ ತರಗತಿಯ ಮಕ್ಕಳ ಕಡೆಗೆ ಬೆರಳು ತೋರಿಸಿದಂತಾಗುತ್ತದೆ. ತೋಳಿಗೊಂದು ಪಟ್ಟಿ ಕಟ್ಟಿದರೆ ಪಾತ್ರ ತಿಳಿಯುತ್ತದೆ. ನಿಜಾಮನ ಆಡಳಿತದ ವಿರುದ್ಧ ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದ ಪತ್ರಕರ್ತ ಶೋಯೆಬುಲ್ಲಾ ಖಾನ್ ಕಥೆಯನ್ನೂ ಅದರ ಪಕ್ಕದಲ್ಲಿ ಇಡಿ. ಆಗ ಮಕ್ಕಳ ಚರ್ಚೆಯೇ ಬೇರೆಯಾಗುತ್ತದೆ.

ಪಾಠನಾಟಕ ಕೆಡುವ ಜಾಗಗಳು ಗೊತ್ತಿರುವಂಥವು. ಪ್ರತಿ ಗುಂಪಿನಲ್ಲೂ ಒಬ್ಬ ಜಾಣ ಎಲ್ಲರಿಗೂ ಹೇಳಿಕೊಡಲು ನಿಲ್ಲುತ್ತಾನೆ. ಅವನಿಗೆ ಮಾತೇ ಇಲ್ಲದ ಪಾತ್ರ ಕೊಡಿ. ಗದ್ದಲಕ್ಕೆ ಪಕ್ಕದ ಕೋಣೆಯಿಂದ ದೂರು ಬರುತ್ತದೆ. ಎರಡು ಚಪ್ಪಾಳೆಗೆ ಎಲ್ಲರೂ ಕಲ್ಲಾಗಬೇಕು ಎಂಬ ನಿಯಮವನ್ನು ಮೊದಲ ದಿನವೇ ಹತ್ತು ಸಲ ಆಟವಾಗಿ ಆಡಿಸಿ. ಹುಡುಗ–ಹುಡುಗಿಯರು ಒಂದೇ ಗುಂಪಿನಲ್ಲಿ ನಿಲ್ಲಲು ಹಿಂಜರಿದರೆ ಬಲವಂತ ಬೇಡ. ಕೈ ಹಿಡಿಯುವ ಅಭ್ಯಾಸ ಬಿಟ್ಟು ಬೆನ್ನಿಗೆ ಬೆನ್ನು ಕೊಟ್ಟು, ನಡುವೆ ಒಂದು ಮೊಳ ಜಾಗ ಬಿಟ್ಟು ಮಾಡುವ ಮಾತಿನ ಅಭ್ಯಾಸದಿಂದ ಶುರು ಮಾಡಿ. ಚೀಟಿ ಎತ್ತಿ ಗುಂಪು ಮಾಡಿದರೆ ಜಾತಿ, ಓಣಿ, ಗೆಳೆತನದ ಗೆರೆಗಳು ತಾವಾಗಿ ಅಳಿಯುತ್ತವೆ.

ಕೊರತೆ ಏನೆಂದರೆ ದನಿ ಬೆಳೆಯುವುದಿಲ್ಲ. ಇಪ್ಪತ್ತು ಅಡಿಯ ಕೋಣೆಯಲ್ಲಿ ಕೇಳಿದ ಮಾತು ಮೈದಾನದಲ್ಲಿ ಕೇಳುವುದಿಲ್ಲ.

ಬೀದಿನಾಟಕ: ದನಿಗೂ ಗುಂಪಿಗೂ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ

ಹನ್ನೆರಡರಿಂದ ಹದಿನಾರು ಮಕ್ಕಳು, 12 ನಿಮಿಷ, ಯೂನಿಫಾರ್ಮು, ಹೆಗಲಿಗೊಂದು ಟವೆಲ್. ಮಾತಿನ ಬಹುಪಾಲು ಎಲ್ಲರೂ ಒಟ್ಟಿಗೆ ಹೇಳುವುದರಿಂದ ಬಾಯಿಪಾಠದ ಹೊರೆ ಕಡಿಮೆ. 8 ತಾಸು, ಅಂದರೆ ಹನ್ನೆರಡು ಪಿರಿಯಡ್ ಸಾಕಾಗುತ್ತದೆ. ಶನಿವಾರ ಮುಂಜಾನೆ ಶಾಲೆ ಬಿಟ್ಟ ಮೇಲೆ ಒಂದು ತಾಸು ಸಿಕ್ಕರೆ ಎರಡು ತಿಂಗಳಲ್ಲಿ ನಾಟಕ ತಯಾರು. ಒಬ್ಬ ಹುಡುಗ ಗುಳೆ ಹೋದರೂ ನಾಟಕ ನಿಲ್ಲುವುದಿಲ್ಲ, ಅವನ ಎರಡು ಸಾಲು ಪಕ್ಕದವನಿಗೆ ಬರುತ್ತದೆ. ನಮ್ಮ ಸೀಮೆಗೆ ಈ ಒಂದು ಗುಣವೇ ದೊಡ್ಡದು.

ಜಾಗ ಗುರುತಿಸುವಾಗ ಸುಣ್ಣದಲ್ಲಿ 20 ಅಡಿ ಅಗಲದ ವೃತ್ತ ಎಳೆಯಿರಿ. ಇದಕ್ಕಿಂತ ದೊಡ್ಡದಾದರೆ ಮಕ್ಕಳು ಓಡಿಯೇ ದಣಿಯುತ್ತಾರೆ, ಚಿಕ್ಕದಾದರೆ ಪ್ರೇಕ್ಷಕರ ಕಾಲು ತುಳಿಯುತ್ತಾರೆ. ಪ್ರೇಕ್ಷಕರು ಮೂರು ಕಡೆ ಮಾತ್ರ ಕೂಡಲಿ. ನಾಲ್ಕನೆಯ ಕಡೆ ಗೋಡೆ ಇದ್ದರೆ ದನಿ ತಿರುಗಿ ಬರುತ್ತದೆ. ಗಾಳಿ ಆಡುವವರ ಬೆನ್ನ ಹಿಂದಿನಿಂದ ಜನರ ಕಡೆಗೆ ಬೀಸುವಂತೆ ನಿಲ್ಲಿಸಿ, ಎದುರುಗಾಳಿಯಲ್ಲಿ ಅರ್ಧ ಮಾತು ಹಾರಿಹೋಗುತ್ತದೆ. ಬೇವಿನ ಗಿಡದ ನೆರಳು ಪ್ರೇಕ್ಷಕರ ಮೇಲಿರಲಿ. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರೆ ಜನ ಐದು ನಿಮಿಷಕ್ಕೆ ಏಳುತ್ತಾರೆ. ಫರಸಿ ಹಾಸಿದ ಅಂಗಳವಾದರೆ ಹತ್ತು ಗಂಟೆಯ ಒಳಗೆ ಮುಗಿಸಿ. ಕಾದ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಿನ ಮಕ್ಕಳಿಗೆ ಅಭಿನಯ ನೆನಪಾಗುವುದಿಲ್ಲ.

ದನಿಯ ಅಭ್ಯಾಸ ಹೀಗೆ. ಇಬ್ಬಿಬ್ಬರು ಎದುರುಬದುರು, ನಡುವೆ 2 ಮೀಟರ್. ಒಬ್ಬ ಒಂದು ಸಾಲು ಹೇಳಬೇಕು, ಕೇಳಿದವನು ಅದನ್ನೇ ತಿರುಗಿ ಹೇಳಿ ಒಂದು ಹೆಜ್ಜೆ ಹಿಂದೆ ಸರಿಯಬೇಕು. 15 ಮೀಟರ್ ತನಕ ಹೋಗಿ. ಕೂಗಿದರೆ ಆಟ ಮತ್ತೆ ಮೊದಲಿಂದ. ಗಂಟಲಿನ ನರ ಉಬ್ಬಿದ್ದು ಕಂಡರೆ ಅವನು ಕೂಗುತ್ತಿದ್ದಾನೆ ಎಂದೇ ಅರ್ಥ. ಹೊಟ್ಟೆಯ ಮೇಲೆ ಕೈ ಇಟ್ಟು, ಉಸಿರು ತುಂಬಿಕೊಂಡು, "ಸ್‌" ಎಂದು ನಿಧಾನ ಬಿಡಲು ಹೇಳಿ. ಮೊದಲ ವಾರ 10–12 ಸೆಕೆಂಡ್‌ಗೆ ಉಸಿರು ಮುಗಿಯುತ್ತದೆ, ಒಂದು ತಿಂಗಳಿಗೆ 20 ಸೆಕೆಂಡ್ ಬರಬೇಕು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದ ತೀರ್ಪು ಕೊನೆಯಲ್ಲಿರುತ್ತದೆ. ಮಕ್ಕಳು ಶುರುವಿನಲ್ಲಿ ಜೋರಾಗಿ ಎತ್ತಿಕೊಂಡು ಕೊನೆಗೆ ಉಸಿರು ಸಾಲದೆ ದನಿ ಇಳಿಸುತ್ತಾರೆ. "ಈ ಮದಿವಿ ನಾ ಮಾಡ್ಕೊಳ್ಳಲ್ಲ" ಎಂಬಲ್ಲಿ "ಮಾಡ್ಕೊ" ತನಕ ಕೇಳಿ "ಳ್ಳಲ್ಲ" ನುಂಗಿಹೋದರೆ ಬಾಲ್ಯವಿವಾಹ ವಿರೋಧಿಸುವ ಹುಡುಗಿ ಮದುವೆಗೆ ಒಪ್ಪಿದಂತೆ ಕೇಳುತ್ತದೆ. ಪ್ರತಿ ಸಾಲಿನ ಕೊನೆಯ ಪದಕ್ಕೆ ಕಾಲಿನಿಂದ ನೆಲಕ್ಕೆ ಒಂದು ತಟ್ಟು ಕೊಡಿಸಿ ಅಭ್ಯಾಸ ಮಾಡಿಸಿ. ಎರಡು ವಾರದ ನಂತರ ತಟ್ಟು ಬಿಡಿಸಿದರೂ ಒತ್ತು ಉಳಿಯುತ್ತದೆ.

ಹಲಿಗೆ ಇದ್ದರೆ ಜನ ತಾವಾಗಿ ಸೇರುತ್ತಾರೆ. ಮಳೆಗಾಲದಲ್ಲಿ ಅದರ ಚರ್ಮ ಸಡಿಲಾಗಿ ದನಿ ಸಾಯುತ್ತದೆ, ನಾಟಕಕ್ಕೆ ಹತ್ತು ನಿಮಿಷ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು. ಇದನ್ನು ಬಾರಿಸಿ ಗೊತ್ತಿರುವವರು ಮಾಡಲಿ, ಹೆಚ್ಚು ಕಾದರೆ ಚರ್ಮ ಸೀಳುತ್ತದೆ. ಆದರೆ ಹಲಿಗೆಯನ್ನು ಯಾವ ಮಗುವಿನ ಕೈಗೆ ಕೊಡುತ್ತೀರಿ ಎಂಬುದನ್ನು ಇಡೀ ಊರು ನೋಡುತ್ತಿರುತ್ತದೆ. "ಅವನಿಗಿ ಬರ್ತದ" ಎಂದು ಒಂದೇ ಕೇರಿಯ ಹುಡುಗನಿಗೆ ಕಟ್ಟಿದರೆ, ಸಮಾನತೆಯ ಮೇಲಿನ ನಾಟಕ ಶುರುವಾಗುವ ಮೊದಲೇ ಸೋತಿತು. ಎಲ್ಲರೂ ಕಲಿಯಲಿ, ಸರದಿಯಲ್ಲಿ ಬಾರಿಸಲಿ. ಕಲಿಸಲು ಬಂದ ಕಲಾವಿದರಿಗೆ ಕುರ್ಚಿ, ಚಹಾ, ಗೌರವಧನ ಮೂರೂ ಇರಲಿ.

ವಿಷಯದ ಮಟ್ಟಿಗೆ ಬೀದಿನಾಟಕ ಸಾಯುವುದು ಕೊನೆಯ ಎರಡು ನಿಮಿಷದಲ್ಲಿ. ಡಾಕ್ಟರೋ ಪೊಲೀಸರೋ ಬಂದು ಭಾಷಣ ಮಾಡುತ್ತಾರೆ, ಎಲ್ಲರೂ ಘೋಷಣೆ ಕೂಗುತ್ತಾರೆ, ಜನ ಎದ್ದು ಹೋಗುತ್ತಾರೆ. ಭಾಷಣಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಿ, ಸೂತ್ರಧಾರ ಹುಡುಗಿ ಮುಂದೆ ಬಂದು "ಇಕಿ ಜಾಗಾದಾಗ ನೀವಿದ್ರ ಏನ್ ಮಾಡ್ತಿದ್ರಿ?" ಎಂದು ಕೇಳಲಿ. ಊರಿನವರು ಕೊಡುವ ಉತ್ತರಕ್ಕೆ ಮಕ್ಕಳು ಅಲ್ಲೇ ಅಭಿನಯಿಸಿ ತೋರಿಸಲು ಧೈರ್ಯ ಮಾಡಿದರೆ ನಿಮ್ಮ ವರ್ಷದ ಕೆಲಸ ಫಲಿಸಿತು. ಶಾಲೆಯ ಅಂಗಳ ದಾಟಿ ಹೋಗುವುದಿದ್ದರೆ ಹೆಡ್‌ಮಾಸ್ತರರ ಪತ್ರ, ಪಾಲಕರ ಒಪ್ಪಿಗೆ, ಪಂಚಾಯಿತಿಗೆ ಮೊದಲೇ ಒಂದು ಮಾತು, ಕುಡಿಯುವ ನೀರಿನ ಕ್ಯಾನು. ಮಗುವಿನ ಮನೆಯಲ್ಲೇ ನಡೆದಿರುವ ಘಟನೆ ನಾಟಕದ ವಿಷಯವಾಗದಂತೆ ನೋಡಿಕೊಳ್ಳುವುದು ಶಿಕ್ಷಕರ ಹೊಣೆ.

ಬಯಲಾಟ: ಊರಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರ ಇದ್ದರೆ ಮಾತ್ರ

ದೊಡ್ಡಾಟ, ಸಣ್ಣಾಟ ಆಡಿಸುವ ಹಿರಿಯರು ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೂ ಸಿಗುತ್ತಾರೆ. ಅಂಥವರು ನಿಮ್ಮ ಊರಲ್ಲಿ ಇಲ್ಲದಿದ್ದರೆ ಮೊಬೈಲಿನಲ್ಲಿ ನೋಡಿ ಬಯಲಾಟ ಮಾಡಿಸಲು ಹೋಗಬೇಡಿ. ಹೆಜ್ಜೆ, ಮಟ್ಟು, ಮಾತಿನ ಏರಿಳಿತ ಮೂರೂ ಪಕ್ಕದಲ್ಲಿ ನಿಂತವರಿಂದಲೇ ಬರುವುದು.

ಇಲ್ಲಿ ಮಕ್ಕಳಿಗೆ ಸಿಗುವುದು ತಾಳಜ್ಞಾನ, ದೊಡ್ಡ ಮೈಮಾತು, ಹಾಡಿನಿಂದ ಮಾತಿಗೆ ಜಾರುವ ಕೌಶಲ. ಸಿಗದಿರುವುದು ಸ್ವಂತವಾಗಿ ಕಟ್ಟುವ ಸ್ವಾತಂತ್ರ್ಯ. ಮಾಸ್ತರರು ಮಾಡಿ ತೋರಿಸುತ್ತಾರೆ, ಮಕ್ಕಳು ಹಾಗೆಯೇ ಮಾಡುತ್ತಾರೆ. ಇದು ದೋಷ ಅಲ್ಲ, ಕಲಿಕೆಯ ಒಂದು ಹಳೆಯ ಕ್ರಮ. ಆದರೆ ಪಾಠನಾಟಕ ಮಾಡಿ ಬಂದ ಮಕ್ಕಳು ಇದಕ್ಕೆ ಬಂದರೆ ಎರಡೂ ಸಿಗುತ್ತದೆ.

ರಾತ್ರಿಯಿಡೀ ನಡೆಯುವ ಆಟವನ್ನು 30 ನಿಮಿಷಕ್ಕೆ ಇಳಿಸುವಾಗ ಸಾರಥಿಯನ್ನು ಕೈಬಿಡಬೇಡಿ. ಪಾತ್ರವನ್ನು ಮಾತಾಡಿಸಿ ಊರು–ಹೆಸರು ಕೇಳುವ ಸಾರಥಿಯಿಂದಲೇ ಕತ್ತರಿಸಿದ ಕಥೆಯ ಕೊಂಡಿಗಳನ್ನು ಹೇಳಿಸಬಹುದು. ನಾಲ್ಕೈದು ಹಾಡು, ಒಂದು ಕಾಳಗ, ಒಂದು ದುಃಖದ ಸನ್ನಿವೇಶ ಸಾಕು. ಹಾಸ್ಯದ ಭಾಗವನ್ನು ಮೊದಲೇ ಕೂತು ಕೇಳಿ. ಬಯಲಿಗೆ ಒಪ್ಪುವ ಚೇಷ್ಟೆ ಎಲ್ಲವೂ ಶಾಲೆಗೆ ಒಪ್ಪುವುದಿಲ್ಲ, ಮಾಸ್ತರರಿಗೆ ಹೇಳಿದರೆ ಅವರೇ ಬದಲಿಸಿಕೊಡುತ್ತಾರೆ.

ದೊಡ್ಡ ತೊಂದರೆ ಶ್ರುತಿಯದ್ದು. ಹದಿಮೂರು–ಹದಿನೈದರ ಹುಡುಗರ ಗಂಟಲು ಒಡೆಯುತ್ತಿರುತ್ತದೆ. ಮಾಸ್ತರರು ಪೇಟಿಯಲ್ಲಿ ತಮ್ಮ ದನಿಗೆ ತಕ್ಕ ಕಪ್ಪು ಒಂದು (ಮೊದಲ ಕಪ್ಪು ಮನೆಯ ಶ್ರುತಿ) ಹಿಡಿಯುತ್ತಾರೆ, ಹುಡುಗಿಯರ ದನಿ ಕಪ್ಪು ನಾಲ್ಕರ ಆಸುಪಾಸಿನದ್ದು. ಎಲ್ಲರನ್ನೂ ಒಂದೇ ಶ್ರುತಿಯಲ್ಲಿ ಹಾಡಿಸಿದರೆ ಅರ್ಧ ಜನ ಕೀರಲು, ಅರ್ಧ ಜನ ಗೊಣಗು. ಹಾಡುಗಳನ್ನು ಹುಡುಗಿಯರ ಶ್ರುತಿಯಲ್ಲೇ ಇಟ್ಟು, ದನಿ ಒಡೆಯುತ್ತಿರುವ ಹುಡುಗರಿಗೆ ತಾಳ, ಹೆಜ್ಜೆ, ಮಾತು ಕೊಡಿ. ಅವರನ್ನು ಜೋರು ಮಾಡಿ ಹಾಡಿಸಿದರೆ ಗಂಟಲು ಬೀಳುತ್ತದೆ.

ಕಿರೀಟ, ಭುಜಕೀರ್ತಿ ದೊಡ್ಡವರ ಅಳತೆಯವು. ತಲೆಗೆ ಮೊದಲು ಹತ್ತಿ ಬಟ್ಟೆ ಬಿಗಿಯಾಗಿ ಸುತ್ತಿ ಮೇಲೆ ಕಿರೀಟ ಕೂರಿಸಿ, ಇಲ್ಲವಾದರೆ ಮೊದಲ ಸುತ್ತಿಗೇ ಕಣ್ಣಿನ ಮೇಲೆ ಬರುತ್ತದೆ. ಕೊನೆಯ ಮೂರು ತಾಲೀಮು ವೇಷದಲ್ಲೇ ಆಗಲಿ. ಸಮಯದ ಲೆಕ್ಕ: ಸಂಜೆ ಎರಡು ತಾಸು, ವಾರಕ್ಕೆ ಮೂರು ದಿನ, ಐದಾರು ವಾರ. ಕೊಯ್ಲು ಮುಗಿದು ಜಾತ್ರೆಗಳು ಶುರುವಾದರೆ ಮಾಸ್ತರರು ಕೈಗೆ ಸಿಗುವುದಿಲ್ಲ, ಮೊಹರಮ್ಮಿನ ದಿನಗಳಲ್ಲಿ ಪದ ಹಾಡುವವರೂ ಸಿಗುವುದಿಲ್ಲ. ಜುಲೈನಲ್ಲೇ ಮಾತಾಡಿಕೊಂಡು ಬಿಡಿ. ಸಂಜೆ ಹುಡುಗಿಯರು ಮನೆಗೆ ಹೋಗುವ ದಾರಿ, ಬಸ್ಸಿನ ವೇಳೆ ಮೊದಲು ಗೊತ್ತಾಗಬೇಕು. ಎಷ್ಟೋ ಆಟಗಳು ನಿಂತಿರುವುದು ಅಲ್ಲೇ.

ರಂಗನಾಟಕ: ವಸತಿ ಶಾಲೆಯವರಿಗೆ ಸಲೀಸು, ಉಳಿದವರಿಗೆ ದುಬಾರಿ

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಮಕ್ಕಳು ಸಂಜೆ ಅಲ್ಲೇ ಇರುತ್ತಾರೆ. ಐದರಿಂದ ಆರೂಕಾಲು, ವಾರಕ್ಕೆ ನಾಲ್ಕು ದಿನ ಎಂದರೆ 5 ತಾಸು. ಐದು ವಾರಕ್ಕೆ ಆ 25 ತಾಸು ಸಿಕ್ಕಿತು. ಹೊರಗಿನಿಂದ ಬರುವ ಮಕ್ಕಳ ಶಾಲೆಯಲ್ಲಿ ಇಷ್ಟು ಸಮಯ ಹುಟ್ಟಿಸುವುದು ಕಷ್ಟ, ಹಾಗಾಗಿ ಅವರು 25 ನಿಮಿಷದ ಆಸೆ ಬಿಟ್ಟು 10 ನಿಮಿಷದ ಒಂದೇ ದೃಶ್ಯಕ್ಕೆ ಇಳಿಯುವುದು ಒಳ್ಳೆಯದು.

ಕೈಬರಹದ ಒಂದು ಫುಲ್‌ಸ್ಕೇಪ್ ಪುಟ ಸುಮಾರು ಒಂದೂವರೆ ನಿಮಿಷ ಆಡುತ್ತದೆ. 25 ನಿಮಿಷಕ್ಕೆ ಹದಿನಾರು ಪುಟ ದಾಟಿದರೆ ಕತ್ತರಿ ಹಾಕಿ. ಮೊದಲ ಮೂರು ದಿನ ಪಾತ್ರ ಹಂಚಬೇಡಿ. ಸುತ್ತ ಕೂತು, ಒಬ್ಬರಿಗೊಂದು ಸಾಲಿನಂತೆ ಎಲ್ಲರೂ ಎಲ್ಲ ಪಾತ್ರ ಓದಲಿ. ತರಗತಿಯಲ್ಲಿ ಬಾಯಿ ಬಿಡದ ಯಾವುದೋ ಹುಡುಗಿ ಆ ಓದಿನಲ್ಲಿ ಎದ್ದು ಕಾಣುತ್ತಾಳೆ. ಎರಡನೆಯ ವಾರ ಪುಸ್ತಕ ಹಿಡಿದೇ ನಡೆದಾಟ. ಮೂರನೆಯ ವಾರ ಪುಸ್ತಕ ಕೆಳಗೆ. ಪರದೆ ಹಿಂದೆ ನಿಂತು ಮಾತು ಹೇಳಿಕೊಡುವ ಪದ್ಧತಿಯನ್ನು ನಾಲ್ಕನೆಯ ವಾರಕ್ಕೆ ಪೂರ್ತಿ ನಿಲ್ಲಿಸಿ. ಹೇಳಿಕೊಡುವವರಿದ್ದಾರೆ ಎಂದು ಗೊತ್ತಿದ್ದರೆ ಮಕ್ಕಳ ಕಿವಿ ಎದುರಿನವನ ಕಡೆ ಇರುವುದಿಲ್ಲ, ಪರದೆಯ ಕಡೆ ಇರುತ್ತದೆ. ಮಾತು ಮರೆತರೆ ಏನು ಮಾಡಬೇಕು ಎಂಬುದನ್ನೇ ಒಂದು ಇಡೀ ದಿನ ಅಭ್ಯಾಸ ಮಾಡಿಸಿ: ಬೇಕೆಂದೇ ಒಬ್ಬ ಸಾಲು ನುಂಗಬೇಕು, ಇನ್ನೊಬ್ಬ ಪ್ರಶ್ನೆ ಕೇಳಿ ಅವನನ್ನು ದಾರಿಗೆ ತರಬೇಕು.

ಭಾಷೆಯ ವಿಷಯ ಇಲ್ಲೇ ಹೇಳಿಬಿಡಬೇಕು. ಮೈಸೂರು ಕಡೆಯಿಂದ ಬಂದ ಸ್ಕ್ರಿಪ್ಟಿನಲ್ಲಿ "ಅವರು ಬರುತ್ತಿದ್ದಾರೆ, ನೀನು ಎಲ್ಲಿಗೆ ಹೋಗುತ್ತಿರುವೆ?" ಎಂದಿರುತ್ತದೆ. ನಮ್ಮ ಮಗು ಇದನ್ನು ಹೇಳುವಾಗ ಪುಸ್ತಕ ಓದಿದ ಹಾಗೆ ಮೈ ಸೆಟೆದು ನಿಲ್ಲುತ್ತದೆ. "ಅವ್ರು ಬರ್ಲತ್ತಾರ, ನೀ ಎಲ್ಲಿಗಿ ಹೊಂಟೀ?" ಎಂದು ಬದಲಿಸಿ, ಕೈ ತಾನಾಗಿ ಏಳುತ್ತದೆ. ರಾಜ, ದೇವರು ಗ್ರಂಥದ ಭಾಷೆ ಆಡಲಿ, ಉಳಿದವರು ಮನೆಯ ಮಾತು ಆಡಲಿ ಎಂಬ ಹಂಚಿಕೆ ಕಂಪನಿ ನಾಟಕಗಳಿಂದಲೂ ಜನರಿಗೆ ರೂಢಿ. ಮನೆಯಲ್ಲಿ ದಖನಿ, ಲಂಬಾಣಿ, ಮರಾಠಿ, ತೆಲುಗು ಆಡುವ ಮಕ್ಕಳಿಗೆ ತಮ್ಮ ಭಾಷೆಯ ಒಂದೆರಡು ಸಾಲು ಸಿಕ್ಕರೆ ನಾಟಕದ ಸಂತೆಯ ದೃಶ್ಯ ನಿಜವಾದ ಸಂತೆಯಾಗುತ್ತದೆ. ಔರಾದ್, ಭಾಲ್ಕಿ, ಗುರುಮಠಕಲ್ ಕಡೆಯ ಶಾಲೆಗಳಲ್ಲಿ ಇದನ್ನು ಬಿಟ್ಟರೆ ನಷ್ಟ ನಿಮಗೇ.

ಖರ್ಚು ಹೆಚ್ಚುವುದು ಬೆಳಕು, ಮೈಕು, ವೇಷದ ಬಾಡಿಗೆಯಲ್ಲಿ. ಸ್ಟ್ಯಾಂಡ್ ಮೈಕ್ ಮುಂದಿಟ್ಟರೆ ಎಲ್ಲ ಪಾತ್ರಗಳೂ ಆ ಒಂದೇ ಜಾಗಕ್ಕೆ ಓಡಿ ಬಂದು ಮಾತಾಡಿ ಹಿಂದೆ ಹೋಗುತ್ತವೆ, ನಡೆದಾಟಕ್ಕೆ ಪಟ್ಟ ಶ್ರಮ ನೀರುಪಾಲು. ಇನ್ನೂರು ಜನರ ಒಳಗಾದರೆ ಮೈಕೇ ಬೇಡ. ಬೇಕೇ ಬೇಕೆಂದರೆ ಮೇಲಿನಿಂದ ಎರಡು ಹ್ಯಾಂಗಿಂಗ್ ಮೈಕ್. ಸ್ಪೀಕರ್ ಪೆಟ್ಟಿಗೆಗಳು ವೇದಿಕೆಯ ಅಂಚಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ. ಹಿಂದೆ ಇಟ್ಟರೆ ದನಿ ಮತ್ತೆ ಮೈಕಿಗೆ ನುಗ್ಗಿ ಕುಂಯ್‌ ಎನ್ನುತ್ತದೆ. ಪತ್ರಾಸು ಹೊದಿಸಿದ, ಫರಸಿ ಹಾಸಿದ ಶಾಲೆಯ ಹಾಲಿನಲ್ಲಿ ತಾಲೀಮು ಮಾಡುವಾಗ ಮಾತೆಲ್ಲ ಗಡಗಡ ಅನ್ನುತ್ತದೆ. ಜಮಖಾನೆ ಹಾಸಿ, ಕಿಟಕಿಗೆ ಚಾದರ ಇಳಿಬಿಟ್ಟರೆ ಅರ್ಧ ಪ್ರತಿಧ್ವನಿ ಹೋಗುತ್ತದೆ. ಬಣ್ಣ ಹಚ್ಚುವ ಮುನ್ನಾದಿನ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ, ಕೆಂಪಾದರೆ ಆ ಮಗುವಿಗೆ ಬಣ್ಣ ಬೇಡ. ಗಡ್ಡ, ಮೀಸೆ ಅಂಟಿಸಲು ಫೆವಿಕಾಲ್ ಬಳಸುವುದು ಅಲ್ಲಲ್ಲಿ ಕಾಣುತ್ತದೆ, ಅದು ಚರ್ಮ ಕಿತ್ತು ಬರುತ್ತದೆ. ಕಾಡಿಗೆಯಿಂದ ಎಳೆದ ಮೀಸೆಯೇ ಸಾಕು.

ಆಡುವ ಮೊದಲು ಮಕ್ಕಳು ನೋಡಲಿ. ಕಲಬುರಗಿಯಲ್ಲಿ ರಂಗಾಯಣ ಇದೆ, ಡಾ. ಎಸ್.ಎಂ. ಪಂಡಿತ ರಂಗಮಂದಿರ ಇದೆ, ಬೀದರಿನಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ರಂಗಮಂದಿರ ಇದೆ. ಒಂದು ನಾಟಕ ನೋಡಿ ಬಂದ ಮಕ್ಕಳಿಗೆ "ಬೆನ್ನು ತೋರಿಸಬೇಡ" ಎಂದು ನೂರು ಸಲ ಹೇಳಬೇಕಾಗಿಲ್ಲ. ಯಾವಾಗ ತೋರಿಸಬಹುದು ಎಂಬುದನ್ನೂ ನೋಡಿಕೊಂಡು ಬಂದಿರುತ್ತಾರೆ.

ಏಕಪಾತ್ರಾಭಿನಯ, ಛದ್ಮವೇಷ, ಮಿಮಿಕ್ರಿ

ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳಿಗೆ ಇವು ಬೇಕು, ಆದರೆ ಒಬ್ಬೊಬ್ಬರ ಕೆಲಸ. ಆ ವರ್ಷದ ಸುತ್ತೋಲೆಯಲ್ಲಿ ಕೊಟ್ಟ ನಿಮಿಷಕ್ಕಿಂತ ಅರ್ಧ ನಿಮಿಷ ಕಡಿಮೆ ಇಟ್ಟು ತಯಾರು ಮಾಡಿ. ಇದನ್ನೇ ಶಾಲೆಯ ನಾಟಕ ಶಿಕ್ಷಣ ಎಂದುಕೊಂಡರೆ ಪ್ರತಿವರ್ಷ ಅದೇ ಮೂವರು ಮಕ್ಕಳು ಬಹುಮಾನ ತರುತ್ತಾರೆ, ಅಷ್ಟೇ.

ಇನ್ನೊಂದು ದಾರಿ ಈಗ ಬಹಳ ಕಡೆ ಕಾಣುತ್ತದೆ: ದೊಡ್ಡವರ ದನಿಯಲ್ಲಿ ಸಂಭಾಷಣೆ ರೆಕಾರ್ಡ್ ಮಾಡಿ, ಮಕ್ಕಳಿಗೆ ಬಾಯಿ ಆಡಿಸಲು ಹೇಳುವುದು. ನೋಡಲು ಭರ್ಜರಿ. ಕರೆಂಟ್ ಹೋದ ಗಳಿಗೆಯಲ್ಲಿ ಅರಸ ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿರುತ್ತಾನೆ. ದನಿ, ಕೇಳಿಸಿಕೊಳ್ಳುವುದು, ಸಾವರಿಸಿಕೊಳ್ಳುವುದು, ಮೂರೂ ಇದರಲ್ಲಿ ಇಲ್ಲ. ಇದನ್ನು ಹೋಲಿಕೆಗೆ ತಗೊಳ್ಳುವುದೇ ಬೇಡ.

ನಿಮ್ಮ ಶಾಲೆಗೆ ಯಾವುದು

ವಾರಕ್ಕೆ ಒಂದೇ ಪಿರಿಯಡ್, ಒಂದೊಂದು ತರಗತಿಯಲ್ಲಿ ಅರವತ್ತು ಮಕ್ಕಳು, ನಾಟಕ ಗೊತ್ತಿರುವ ಶಿಕ್ಷಕರು ಯಾರೂ ಇಲ್ಲ: ಮೊದಲ ವರ್ಷ ಪಾಠನಾಟಕ ಮಾತ್ರ, ಎರಡನೆಯ ವರ್ಷ ಅದೇ ಮಕ್ಕಳಿಂದ ಬೀದಿನಾಟಕ. ಹೆಚ್ಚಿನ ಸರ್ಕಾರಿ ಹೈಸ್ಕೂಲುಗಳಿಗೆ ಹೊಂದುವುದು ಇದೇ. ನಗರದ ಹೆಣ್ಣುಮಕ್ಕಳ ಶಾಲೆ, ಸಂಜೆ ಉಳಿಸಿಕೊಳ್ಳಲು ಪಾಲಕರ ಒಪ್ಪಿಗೆ ಇಲ್ಲ ಎಂದಾದರೆ ಬೀದಿನಾಟಕವನ್ನೇ ಶಾಲೆಯ ಅಂಗಳದಲ್ಲಿ, ಶನಿವಾರ ಮುಂಜಾನೆ. ವಸತಿ ಶಾಲೆ, ಎರಡು–ಮೂರು ವರ್ಷ ಅಲ್ಲೇ ಇರುವ ಶಿಕ್ಷಕರು: ರಂಗನಾಟಕ, ಆದರೆ ಮುಖ್ಯ ಪಾತ್ರಗಳಿಗೆ ಇಬ್ಬಿಬ್ಬರು, ಎರಡು ದಿನ ಎರಡು ತಂಡದ ಪ್ರದರ್ಶನ. ಊರಲ್ಲಿ ಬಯಲಾಟದ ಮೇಳ ಇದ್ದು, ಹಿರಿಯರು ಕಲಿಸಲು ಸಿದ್ಧರಿದ್ದರೆ ಉಳಿದೆಲ್ಲ ಬಿಟ್ಟು ಒಂದು ವರ್ಷ ಅದನ್ನೇ ಹಿಡಿಯಿರಿ; ರಂಗನಾಟಕವನ್ನು ಮುಂದಿನ ವರ್ಷವೂ ಮಾಡಬಹುದು, ಆ ಮಾಸ್ತರರು ಮುಂದಿನ ವರ್ಷ ಇರುತ್ತಾರೋ ಇಲ್ಲವೋ.

ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವ ಭಜನಿ ಮಂಡಳಿ ಊರಲ್ಲಿದ್ದರೆ ಅದನ್ನು ಬೀದಿನಾಟಕದೊಳಗೆ ತರಬಹುದು. ಏಕತಾರಿ, ದಮ್ಮಡಿ ಹಿಡಿದು ನಾಲ್ಕು ಮಕ್ಕಳು ಹಾಡಿದರೆ ದೃಶ್ಯ ಬದಲಾಗುವ ನಡುವಿನ ಖಾಲಿ ತುಂಬುತ್ತದೆ, ಬೇರೆ ಸಂಗೀತದ ಖರ್ಚಿಲ್ಲ.

ಯಾವುದನ್ನು ಆರಿಸಿದರೂ ಒಂದು ನೋಟ್‌ಬುಕ್ ಇಡಿ. ಪ್ರತಿ ಮಗುವಿನ ಹೆಸರಿನ ಮುಂದೆ ನಾಲ್ಕೇ ಮನೆ: 15 ಮೀಟರಿಗೆ ಮಾತು ಕೇಳಿತೇ, ಸಾಲಿನ ಕೊನೆ ಉಳಿಯಿತೇ, ಎದುರಿನವನನ್ನು ನೋಡಿ ಉತ್ತರಿಸಿದನೇ, ತಪ್ಪಾದಾಗ ಸಾವರಿಸಿಕೊಂಡನೇ. ಜುಲೈನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ ಗುರುತು ಹಾಕಿ. ನವೆಂಬರ್ ನಡು ಬಂದರೂ ಯಾವುದು ಎಂದು ತೀರ್ಮಾನ ಆಗಿಲ್ಲ, ಗ್ಯಾದರಿಂಗಿಗೆ ಏನಾದರೂ ಬೇಕು ಎಂದು ಹೆಡ್‌ಮಾಸ್ತರರು ಕೇಳುತ್ತಿದ್ದಾರೆ ಎಂದರೆ ಹೊಸ ಸ್ಕ್ರಿಪ್ಟ್ ತರಿಸಬೇಡಿ. ತರಗತಿಯಲ್ಲಿ ಚೆನ್ನಾಗಿ ಬಂದ ಪಾಠನಾಟಕದ ಒಂದು ಸನ್ನಿವೇಶವನ್ನೇ ಎತ್ತಿಕೊಂಡು, ಒಂದು ಬೆಂಚು, ಇಬ್ಬರು ಮಕ್ಕಳು, ನಾಲ್ಕು ಕಾವಲುಗಾರರು, ಆರು ನಿಮಿಷ ಎಂದು ಕಾರ್ಯಕ್ರಮದ ಪಟ್ಟಿಯಲ್ಲಿ ಬರೆಸಿ.